ದಿಂಬಂ ಜಂಬ

ತಮಿಳುನಾಡಿನ ಗಡಿಯಲ್ಲಿರೋ ನಮ್ಮ ತಾಳವಾಡಿ ಕಡೆಯವರಿಗೆ ಒಂದು ಜಂಬ ಇದೆ. ದಿಂಬಂ ಘಾಟಿ ಇಳಿದು ಹತ್ತೋ ಜನ ನಾವು, ನಮಗೆ ಡ್ರೈವಿಂಗ್ ಕಲಿಸೋಕೆ ಯಾರು ಬರ್ತಾರೆ ಅಂತ. 27 ಹೇರ್‌ಪಿನ್ ತಿರುವು. ಸತ್ಯಮಂಗಲದ ಆಸ್ಪತ್ರೆಗೆ ಹೋದರೂ ಅದೇ ದಾರಿ, ಮೆಟ್ಟುಪಾಳ್ಯಂ ಮಂಡಿಗೆ ಹೋದರೂ ಅದೇ. ನಾನು ಹದಿನೆಂಟು ವರ್ಷದಿಂದ ಓಡಾಡಿದವನು. ನನ್ನ ಜಂಬ ಹೋದ ನವೆಂಬರಿನಲ್ಲಿ, ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ, ಒಂದೇ ಬೆಳಿಗ್ಗೆಗೆ ಇಳೀತು.

ಅಲ್ಲಿರೋದು ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ ಎಂಜಿನ್ ಹಾಕಿ ರೇಸ್ ಕಾರು ಕಟ್ಟಿದ ಕರಿವರ್ಧನ್ ಹೆಸರಿನ ಟ್ರ್ಯಾಕು. ಭಾಮೈದ ಕೊಯಮತ್ತೂರಲ್ಲೇ ಕೆಲಸದಲ್ಲಿದ್ದಾನೆ. "ಬನ್ನಿ ಭಾವ, ಟ್ರ್ಯಾಕಲ್ಲಿ ಡ್ರೈವಿಂಗ್ ಕಲಿಸ್ತಾರೆ, ನಿಮ್ಮ ಸ್ವಿಫ್ಟನ್ನೇ ಓಡಿಸಬಹುದು" ಅಂತ ಕರೆದ. ದುಡ್ಡೆಷ್ಟು ಅಂತ ಕೇಳಿಸಿಕೊಂಡ ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹೋದ ದಿನವೇ ಬೆಳಿಗ್ಗೆಯಿಂದ ಜಡಿಮಳೆ. ಬಂದವರೆಲ್ಲ ಮುಖ ಸಪ್ಪೆ ಮಾಡಿಕೊಂಡಿದ್ದರೆ, ಕಲಿಸೋಕೆ ಬಂದವನು ಮಾತ್ರ ಖುಷಿಯಾಗಿದ್ದ. ಮಳೆಯಲ್ಲಿ ಕಡಿಮೆ ಸ್ಪೀಡಲ್ಲೇ ತಪ್ಪು ಕಾಣುತ್ತೆ, ಪೆಟ್ಟು ಬೀಳೋದೂ ಕಡಿಮೆ ಅಂದ.

ಮೊದಲ ಸುತ್ತಲ್ಲೇ ಕಂಡಿತು. ಘಾಟಿಯ ಅಭ್ಯಾಸದಂತೆ ತಿರುವಿನ ಒಳಗೆ ಹೋಗಿ ಬ್ರೇಕ್ ಒತ್ತುತ್ತಲೇ ಸ್ಟೇರಿಂಗ್ ತಿರುಗಿಸಿದೆ. ಚಕ್ರ ತಿರುಗಿತು, ಕಾರು ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಅದು ನೆಟ್ಟಗೇ ಹೋಗ್ತಾ ಇತ್ತು. "ಏನುಂಗಣ್ಣಾ, ಮೂಟೆ ಹೊತ್ತವನ ಕೈಗೆ ಮಗೂನೂ ಕೊಟ್ರೆ ಹೆಂಗೆ?" ಅಂದ ಪಕ್ಕದಲ್ಲಿ ಕೂತಿದ್ದ ಕಲಿಸೋನು, ಕೊಂಗು ತಮಿಳಲ್ಲಿ. ಟೈರಿಗೆ ಇರೋ ಹಿಡಿತ ಇಷ್ಟೇ. ಬ್ರೇಕಿಗೆ ಪೂರ್ತಿ ಖರ್ಚಾದರೆ ತಿರುಗೋಕೆ ಏನೂ ಉಳಿಯಲ್ಲ. ಮುಂದಿನ ಚಕ್ರ ಜಾರಿದಾಗ ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಟೈರು ಮತ್ತೆ ರಸ್ತೆ ಹಿಡಿಯುತ್ತೆ. ಕೈ ಅದನ್ನ ಒಪ್ಪೋದಿಲ್ಲ, ಗೋಡೆ ಹತ್ತಿರ ಬರ್ತಿರುವಾಗ ಸ್ಟೇರಿಂಗ್ ಸಡಿಲ ಬಿಡೋಕೆ ಯಾರ ಕೈ ಒಪ್ಪುತ್ತೆ?

ಇನ್ನೊಂದು ವಿಚಿತ್ರ. ಎಲ್ಲರೂ ಓಡೋ ಗೆರೆಯಲ್ಲಿ ಟೈರಿನ ರಬ್ಬರ್ ಮೆತ್ತಿಕೊಂಡಿರುತ್ತೆ. ಒಣಗಿದ್ದಾಗ ಅದೇ ಒಳ್ಳೇ ಹಿಡಿತ, ನೀರು ಬಿದ್ದರೆ ಅದೇ ಪಾಚಿ. ಮಳೆಯಲ್ಲಿ ಯಾರೂ ತುಳಿಯದ ಒರಟು ಟಾರು ಹುಡುಕಿಕೊಂಡು ತಿರುವಿನ ಹೊರಗಿನಿಂದ ಹೋಗಬೇಕಂತೆ.

ಮಧ್ಯಾಹ್ನ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಪಟ್ಟನೆ ಬಿಟ್ಟೆ. ಭಾರವೆಲ್ಲ ಮುಂದಕ್ಕೆ ಬಿತ್ತು, ಹಿಂಬದಿ ಹಗುರಾಗಿ ಜಾರಿತು. ಸಗಣಿ ಎರಚಾಡೋ ನಮ್ಮ ಗುಮಟಾಪುರದ ಗೊರೆಹಬ್ಬದಲ್ಲಿ ಸಗಣಿ ಮೇಲೆ ಕಾಲಿಟ್ಟವನ ಹಾಗೆ ಒಂದು ಸುತ್ತು ಸುತ್ತಿ, ಬಂದ ದಾರಿಗೇ ಮುಖ ಮಾಡಿ ಹುಲ್ಲಲ್ಲಿ ನಿಂತೆ.

"ಎಲ್ಲಿ ನೋಡ್ತಿದ್ರಿ?"

"ಹುಲ್ಲು ನೋಡ್ತಿದ್ದೆ."

"ಅದಕ್ಕೇ ಬಂದಿದೀರಿ."

ಆದರೆ ನನಗೆ ನಿಜವಾಗಿ ನಾಚಿಕೆಯಾಗಿದ್ದು ಬ್ರೇಕ್ ಪಾಠದಲ್ಲಿ. 40ರಲ್ಲಿ ಬಂದು ನಿಲ್ಲಿಸು, ಆಮೇಲೆ 80ರಲ್ಲಿ. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದಲ್ಲಿಂದ ನಿಲ್ಲೋ ದೂರ ನಾಲ್ಕರಷ್ಟು ಅಂತ ಶಾಲೆಯಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. ಜೋರಾಗಿ ಒತ್ತಿದಾಗ ಪೆಡಲ್ ಕಾಲಡಿ ಗಡಗಡ ಅಂತು. ಏನೋ ಮುರೀತು ಅಂತ ಕಾಲು ತೆಗೆದುಬಿಟ್ಟೆ. ಅದು ಎಬಿಎಸ್! ಅದು ಕೆಲಸ ಮಾಡೋದೇ ಹಾಗೆ, ಒತ್ತಿ ಹಿಡಿದರೆ ಚಕ್ರ ಲಾಕ್ ಆಗದೆ ಸ್ಟೇರಿಂಗೂ ಮಾತು ಕೇಳುತ್ತೆ. ಇಷ್ಟು ವರ್ಷ ಆ ಕಾರಲ್ಲಿ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಓಡಾಡಿದೀನಿ, ಒಂದು ಸಲವೂ ಬ್ರೇಕನ್ನ ಕೊನೆವರೆಗೆ ಒತ್ತಿ ನೋಡಿರಲಿಲ್ಲ. ಲೈಸೆನ್ಸ್ ಕೊಡೋವಾಗ ಯಾರೂ ಒತ್ತಿಸಿಯೂ ಇರಲಿಲ್ಲ.

ಇಲ್ಲೇ ನನ್ನ ತಕರಾರು. ಇದೆಲ್ಲ ದುಡ್ಡಿದ್ದವರ ಶೋಕಿ ಅಂತಾರೆ. ಎಬಿಎಸ್ ಕಲಿಯೋಕೆ ರೇಸ್ ಟ್ರ್ಯಾಕ್ ಬೇಕಿಲ್ಲ, ಸಂತೆ ಇಲ್ಲದ ದಿನ ಯಾವುದಾದರೂ ಮಾರ್ಕೆಟ್ ಅಂಗಳಕ್ಕೆ ಒಂದು ಟ್ಯಾಂಕರ್ ನೀರು ಬಿಟ್ಟು, ಹತ್ತು ಕೋನ್ ಇಟ್ಟರೆ ಸಾಕು. ಡ್ರೈವಿಂಗ್ ಸ್ಕೂಲಿನವರು ಯಾಕೆ ಮಾಡಲ್ಲ? "ಜಾರೋದು ಕಲಿತ ಹುಡುಗ ಘಾಟಿಯಲ್ಲಿ ಜಾರಿಸೋಕೆ ಹೋಗ್ತಾನೆ" ಅಂತ ಸ್ನೇಹಿತರೊಬ್ಬರು ಹೇಳಿದರು. ತಳ್ಳಿಹಾಕೋ ಮಾತಲ್ಲ. ನಾರ್ವೆಯಲ್ಲಿ ಇಂಥ ತರಬೇತಿ ಕಡ್ಡಾಯ ಮಾಡಿದ ಮೇಲೆ ಜಾರುವ ರಸ್ತೆಯಲ್ಲಿ ಹುಡುಗರ ಅಪಘಾತ ಹೆಚ್ಚಾಗಿದ್ದುಂಟು. ಹಾಗಾಗಿ ಜಾರಿದ ಕಾರನ್ನ ಸರಿಮಾಡೋ ಕಸರತ್ತಿಗಿಂತ, ಹಿಡಿತ ಎಷ್ಟು ಬೇಗ ಮುಗಿಯುತ್ತೆ ಅನ್ನೋದನ್ನ ತೋರಿಸಬೇಕು ಅಂತೀನಿ. ನನಗೆ ದಿಂಬಂ ಬಾಯಿಪಾಠ ಆಗಿತ್ತು ಅಷ್ಟೇ, ಟೈರಿನ ಪರಿಚಯ ಇರಲಿಲ್ಲ.

ಸಂಜೆ ವಾಪಸು. ರಾತ್ರಿ 9ಕ್ಕೆ ಕಾಡಿನ ದಾರಿಯ ಗೇಟ್ ಹಾಕೋ ಮೊದಲು ಘಾಟಿ ಬುಡದ ಬಣ್ಣಾರಿ ಚೆಕ್‌ಪೋಸ್ಟ್ ದಾಟಿದೆವು. ಮಳೆ ನಿಂತಿರಲಿಲ್ಲ. ಪ್ರತಿ ತಿರುವಿಗೂ ಮೊದಲೇ, ಕಾರು ನೆಟ್ಟಗಿರುವಾಗಲೇ ವೇಗ ಇಳಿಸ್ತಾ ಹತ್ತಿದೆ. "ಭಾವ, ಹಿಂದೆ ಜೀಪು ಹಾರನ್ ಹೊಡೀತಾವ್ನೆ" ಅಂದ ಭಾಮೈದ. ಪಕ್ಕಕ್ಕೆ ಒತ್ತಿ ದಾರಿ ಬಿಟ್ಟೆ. ನಮ್ಮ ಕಡೆಯವನೇ. ದಾಟಿ ಹೋಗುವಾಗ ಕಿಟಕಿಯಿಂದ ಒಂದು ನೋಟ ಬೀರಿದ, ಬಯಲಿನವನು ಯಾರೋ ಘಾಟಿ ಹತ್ತೋಕೆ ಬಂದವ್ನೆ ಅನ್ನೋ ನೋಟ. ಅದು ನನಗೆ ಚೆನ್ನಾಗಿ ಗೊತ್ತು. ಹದಿನೆಂಟು ವರ್ಷ ನಾನೇ ಬೀರಿದ ನೋಟ ಅದು.