ಕೊಡಗಿಗೆ ಯಾಕೆ ಯಾವಾಗಲೂ ಸಾವಿರ ರೂಪಾಯಿ ಪ್ರಶ್ನೆ?

ನಮ್ಮ ಮನೆಯಲ್ಲಿ ಟಿವಿ ಕ್ವಿಜ್ ಅಂದರೆ ಕಾರ್ಯಕ್ರಮ ಅಲ್ಲ, ಜಗಳ. ಶನಿವಾರಸಂತೆ ಕಡೆಯ ತೋಟದ ಮನೆ ನಮ್ಮದು. ಮಳೆಗಾಲದಲ್ಲಿ ಸಂಜೆ ಏಳಾದರೆ ಹೊರಗೆ ಕಾಲಿಡುವ ಹಾಗಿಲ್ಲ. ಅಜ್ಜಿ ಒಲೆ ಹತ್ತಿರ ಕೂತಲ್ಲಿಂದಲೇ ಉತ್ತರ ಕೂಗುತ್ತಾರೆ. ಅಮ್ಮ ಸರಿ ಉತ್ತರ ಪರದೆ ಮೇಲೆ ಹಸಿರಾಗುವ ತನಕ ಬಾಯಿ ಬಿಡಲ್ಲ, ಆದ ಮೇಲೆ "ನಾನೂ ಅದನ್ನೇ ಅಂದ್ಕೊಂಡಿದ್ದೆ" ಅಂತಾರೆ. ಪಕ್ಕದ ತೋಟದ ಸುಬೇದಾರ್ ಮಾವ ಮಿಲಿಟರಿಯಿಂದ ಬಂದು ಇಪ್ಪತ್ತು ವರ್ಷ ಆಯ್ತು. ಟಾರ್ಚ್ ಹಿಡ್ಕೊಂಡು, ಕಾಲಿನ ಜಿಗಣೆ ಕಿತ್ತು ಬಿಸಾಕಿ ಒಳಗೆ ಬಂದರೆ, ಆಮೇಲೆ ಸೈನ್ಯದ ಪ್ರಶ್ನೆಗೆ ಬೇರೆ ಯಾರೂ ಉತ್ತರ ಹೇಳಬಾರದು. ಅದು ಕಾನೂನು.

ಇಷ್ಟು ವರ್ಷ ನೋಡಿ ನೋಡಿ ನನಗೆ ಒಂದು ಸಿಟ್ಟು ಗಟ್ಟಿಯಾಗಿ ಕೂತುಬಿಟ್ಟಿದೆ. ಟಿವಿ ಇರಲಿ, ಊರಿನ ಸ್ಟೇಜ್ ಇರಲಿ, ಕೊಡಗಿನ ಮೇಲೆ ಪ್ರಶ್ನೆ ಬಂತು ಅಂದರೆ ಅದು ಯಾವಾಗಲೂ ಶುರುವಿನ ಪ್ರಶ್ನೆ. ಬಂದವರ ಕೈ ನಡುಕ ನಿಲ್ಲಲಿ ಅಂತ ಕೇಳುತ್ತಾರಲ್ಲ, ಅಂಥದ್ದು. ಕಾವೇರಿ ಎಲ್ಲಿ ಹುಟ್ಟುತ್ತಾಳೆ? ಭಾರತದ ಸ್ಕಾಟ್ಲೆಂಡ್ ಅಂತ ಯಾವುದಕ್ಕೆ ಹೇಳುತ್ತಾರೆ? ಅಲ್ಲ, ಸ್ಕಾಟ್ಲೆಂಡಿನ ಟಿವಿಯಲ್ಲಿ ಯಾರಾದರೂ "ನಮ್ಮ ದೇಶದ ಕೊಡಗು ಯಾವುದು?" ಅಂತ ಕೇಳುತ್ತಾರಾ? ನಾವು ಮಾತ್ರ ಅವರ ಹೆಸರು ಹೊತ್ಕೊಂಡು ಓಡಾಡಬೇಕು.

ಈ ದುಡ್ಡಿನ ಕ್ವಿಜ್ ಶುರುವಾಗಿದ್ದು 1998ರಲ್ಲಿ, ಬ್ರಿಟನ್ನಿನಲ್ಲಿ. 2000ದಲ್ಲಿ ಅಮಿತಾಭ್ ಬಚ್ಚನ್ ಅದನ್ನು ಹಿಂದಿಯಲ್ಲಿ ನಡೆಸಿದರು. 2012ರಲ್ಲಿ ನಮ್ಮ ಅಪ್ಪು ಕನ್ನಡದ ಕೋಟ್ಯಧಿಪತಿ ಆಗಿ ಬಂದರು. ಎಲ್ಲ ಕಡೆ ಲೆಕ್ಕ ಒಂದೇ. ಮೇಲೆ ಹೋದ ಹಾಗೆ ದುಡ್ಡು ಜಾಸ್ತಿ, ಪ್ರಶ್ನೆ ಕಷ್ಟ. 2011ರಲ್ಲಿ ಬಿಹಾರದ ಸುಶೀಲ್ ಕುಮಾರ್ ಹಿಂದಿಯಲ್ಲಿ ಐದು ಕೋಟಿ ಗೆದ್ದರಲ್ಲ, ಆ ಕೊನೆಯ ಪ್ರಶ್ನೆ ಏನು ಗೊತ್ತಾ? 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿದ ದೇಶ ಯಾವುದು ಅಂತ. ಉತ್ತರ ಡೆನ್ಮಾರ್ಕ್. ನಿಕೋಬಾರ್ ಅಂದರೆ ಸಮುದ್ರದ ಮಧ್ಯೆ ನಾಲ್ಕು ಚುಕ್ಕಿ. ಅದಕ್ಕೆ ಐದು ಕೋಟಿ. ನಮಗೆ ಸಾವಿರ. ಅಜ್ಜಿಗೆ ಇದನ್ನು ಹೇಳಿದಾಗ "ಅವರ ಹತ್ರ ಕಾಫಿ ಇದೆಯಾ?" ಅಂತ ಕೇಳಿದರು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸಾವಿರದ ಪ್ರಶ್ನೆಯನ್ನಾದರೂ ಸರಿಯಾಗಿ ಕೇಳುತ್ತಾರಾ ಅಂದರೆ, ಅದೂ ಇಲ್ಲ. ನನ್ನದೇ ಕಥೆ ಹೇಳ್ತೀನಿ.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಒಂದು ಸಂಘದವರು ರಾಜ್ಯೋತ್ಸವಕ್ಕೆ ಕ್ವಿಜ್ ಇಟ್ಟಿದ್ದರು. ಮೊದಲ ಬಹುಮಾನ ಐದು ಲೀಟರಿನ ಕುಕ್ಕರ್, ಎರಡನೆಯದು ಸ್ಟೀಲ್ ಡಬ್ಬಿ ಸೆಟ್. ಕೊನೆಯ ಪ್ರಶ್ನೆಗೆ ಬರುವಾಗ ನಾನೂ ಇನ್ನೊಬ್ಬರೂ ಸಮ ಸಮ. ಕೇಳಿದರು: ಭಾರತದ ಮೊದಲ ಫೀಲ್ಡ್ ಮಾರ್ಷಲ್ ಯಾರು? ನಾನು ಗಂಟೆ ಒತ್ತಿ "ಸ್ಯಾಮ್ ಮಾಣೆಕ್‌ಶಾ" ಅಂದೆ. ಇಡೀ ಹಾಲ್ ಸುಮ್ಮನಾಯ್ತು. ಆಮೇಲೆ ಹಿಂದಿನಿಂದ ಯಾರೋ "ಊರಿನವಳೇನಮ್ಮಾ ನೀನು?" ಅಂತ ಕೂಗಿದರು. ಕೇಳುವವರ ಕೈಯಲ್ಲಿದ್ದ ಚೀಟಿಯಲ್ಲಿ ಕಾರ್ಯಪ್ಪ ಅಂತ ಇತ್ತು. ಇನ್ನೊಬ್ಬರು ಅದನ್ನೇ ಹೇಳಿದರು. ಚಪ್ಪಾಳೆಯೋ ಚಪ್ಪಾಳೆ.

ಕಾರ್ಯಪ್ಪ ಹುಟ್ಟಿದ್ದೇ ಶನಿವಾರಸಂತೆಯಲ್ಲಿ, 1899ರಲ್ಲಿ. ಅಂಥ ಊರಿನ ಸ್ಟೇಜ್ ಮೇಲೆ ನಿಂತು "ಅವರಲ್ಲ, ಮಾಣೆಕ್‌ಶಾ" ಅಂತ ಹೇಳಿದ ಹುಡುಗಿಯ ಗತಿ ಏನಾಗಬೇಡ! ಆದರೆ ಸತ್ಯ ಅದೇ ತಾನೇ? ಮಾಣೆಕ್‌ಶಾ ಅವರಿಗೆ ಆ ಪದವಿ ಸಿಕ್ಕಿದ್ದು 1973ರಲ್ಲಿ, ಕಾರ್ಯಪ್ಪನವರಿಗೆ 1986ರಲ್ಲಿ. ಕಾರ್ಯಪ್ಪ ಮೊದಲಿಗರಾಗಿದ್ದು ಬೇರೆ ವಿಷಯದಲ್ಲಿ, ಅದೂ ಅದಕ್ಕಿಂತ ದೊಡ್ಡದರಲ್ಲಿ. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಕೈಯಿಂದ ಸೈನ್ಯದ ಚುಕ್ಕಾಣಿ ತಗೊಂಡ ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್ ಅವರು. ಅದಕ್ಕೇ ಜನವರಿ 15 ಸೇನಾ ದಿನ. ಇಷ್ಟು ದೊಡ್ಡ ಮೊದಲು ಕೈಯಲ್ಲಿರುವಾಗ ಇಲ್ಲದ ಮೊದಲನ್ನು ಯಾಕೆ ಅಂಟಿಸಬೇಕು, ಅಲ್ವಾ?

ಮಾರನೇ ದಿನ ಸುಬೇದಾರ್ ಮಾವನ ಹತ್ರ ಹೋಗಿ ಎಲ್ಲ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಉತ್ತರ ಸರಿ ಮಗಾ. ಆದ್ರೆ ಹೇಳಿದ ಜಾಗ ಸರಿಯಿಲ್ಲ" ಅಂದರು. ಆ ಡಬ್ಬಿ ಸೆಟ್ ಇವತ್ತಿಗೂ ಅಡಿಗೆಮನೆಯಲ್ಲಿದೆ. ದೊಡ್ಡದರಲ್ಲಿ ಕಾಳುಮೆಣಸು, ಚಿಕ್ಕದರಲ್ಲಿ ಏಲಕ್ಕಿ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಮೇಲಿನ ಮೆಟ್ಟಿಲಿಗೆ ಬೇಕಾದ ಪ್ರಶ್ನೆ ನಮ್ಮಲ್ಲಿ ಇಲ್ಲವಾ? ರಾಶಿ ಇದೆ. ಸೈಪ್ರಸ್ ದೇಶದ ಅಂಚೆ ಚೀಟಿಯಲ್ಲಿ ಮುಖ ಇರುವ ಭಾರತದ ಜನರಲ್ ಯಾರು? ತಿಮ್ಮಯ್ಯ. ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಆಗಿ ಸೈಪ್ರಸ್‌ಗೆ ಹೋದವರು 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಮುಂದಿನ ವರ್ಷ ಆ ದೇಶ ಅವರ ನೆನಪಿಗೆ ಚೀಟಿ ತಂದಿತು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. ಬಸ್ಸಿನಲ್ಲಿ ಅದರ ಪಕ್ಕ ಎಷ್ಟು ಸಲ ಹೋಗಿಲ್ಲ ನಾವು.

ಇನ್ನೊಂದು ತಗೊಳ್ಳಿ. ಈಗ ಕರ್ನಾಟಕದ ಒಂದು ಜಿಲ್ಲೆ, ಒಂದು ಕಾಲದಲ್ಲಿ ತನ್ನದೇ ಮುಖ್ಯಮಂತ್ರಿ ಇದ್ದ ರಾಜ್ಯ ಆಗಿತ್ತು. ಯಾವುದು? 1950ರಿಂದ 1956ರ ತನಕ ಕೊಡಗು 'ಸಿ' ದರ್ಜೆಯ ರಾಜ್ಯ, ಅಂದರೆ ಕೇಂದ್ರದ ಉಸ್ತುವಾರಿಯಲ್ಲಿದ್ದ ಸಣ್ಣ ರಾಜ್ಯ. 1952ರಿಂದ 24 ಜನರ ವಿಧಾನಸಭೆ. ಮುಖ್ಯಮಂತ್ರಿಯ ಹೆಸರು ಸಿ.ಎಂ. ಪೂಣಚ್ಚ. ಹೆಸರಿನಲ್ಲೇ ಸಿ.ಎಂ. ಇತ್ತು, ಕುರ್ಚಿ ಆಮೇಲೆ ಬಂತು ಅಂತ ಅಪ್ಪ ನಗಾಡುತ್ತಿದ್ದರು. ನವೆಂಬರ್ 1 ಬಂದಾಗ ಮೈಸೂರು, ಹೈದರಾಬಾದ್, ಬಾಂಬೆ ಕರ್ನಾಟಕ ಅಂತೆಲ್ಲ ಭಾಷಣ ಮಾಡುತ್ತಾರೆ. ಇಡೀ ಒಂದು ರಾಜ್ಯವೇ ಬಂದು ಸೇರಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಗೌರಮ್ಮನದು. ಯಾವ ಗೌರಮ್ಮ ಅಂದಿರಾ? ಅದೇ ನೋಡಿ ಮಜಾ. ಕೊಡಗಿಗೆ ಇಬ್ಬರು ಗೌರಮ್ಮ. ಒಬ್ಬಳು ರಾಜಕುಮಾರಿ. 1834ರಲ್ಲಿ ಬ್ರಿಟಿಷರು ಕೊಡಗು ತಗೊಂಡು ದೊರೆ ಚಿಕ್ಕವೀರರಾಜೇಂದ್ರನನ್ನು ಇಳಿಸಿದರಲ್ಲ, ಅವನ ಮಗಳು. ಅಪ್ಪನ ಜೊತೆ ಇಂಗ್ಲೆಂಡಿಗೆ ಹೋದಾಗ ಹತ್ತು ಹನ್ನೊಂದರ ಹುಡುಗಿ. 1852ರಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದರು. ದೀಕ್ಷೆಯಲ್ಲಿ ತಾಯಿಯ ಜಾಗದಲ್ಲಿ ನಿಂತದ್ದು ಸಾಕ್ಷಾತ್ ವಿಕ್ಟೋರಿಯಾ ರಾಣಿ. ಅಲ್ಲಿಂದ ಅವಳು ವಿಕ್ಟೋರಿಯಾ ಗೌರಮ್ಮ. 1864ರಲ್ಲಿ, ಇನ್ನೂ ಸಣ್ಣ ವಯಸ್ಸಿಗೇ, ಲಂಡನ್ನಿನಲ್ಲಿ ಸತ್ತಳು. ಮಳೆ ಒಂದು ಬಿಟ್ಟರೆ ಅಲ್ಲಿ ಅವಳಿಗೆ ಊರಿನದು ಅಂತ ಏನಿತ್ತೋ.

ಇನ್ನೊಬ್ಬರು ಕಥೆಗಾರ್ತಿ ಕೊಡಗಿನ ಗೌರಮ್ಮ. 1912ರಲ್ಲಿ ಹುಟ್ಟಿದವರು, ಸುಂಟಿಕೊಪ್ಪದ ಹತ್ತಿರದ ಗುಂಡುಕುಟ್ಟಿ ತೋಟದಲ್ಲಿ ಗಂಡನ ಜೊತೆ ಇದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಊಟ ಬಿಟ್ಟು ಕೂತರು. ಗಾಂಧೀಜಿಯ ಅಸ್ತ್ರವನ್ನೇ ಗಾಂಧೀಜಿ ಮೇಲೆ ಬಿಟ್ಟರು ನೋಡಿ! ಅವರು ಬಂದರು. ಈಕೆ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. 1939ರಲ್ಲಿ ನೀರಿನಲ್ಲಿ ಮುಳುಗಿ ಹೋದಾಗ ವಯಸ್ಸು ಬರೀ 27. ಇಬ್ಬರ ಮಧ್ಯೆ ಎಷ್ಟೋ ವರ್ಷ ಅಂತರ ಇದೆ. ಆದರೂ ಫೇಸ್‌ಬುಕ್ಕಿನಲ್ಲೇ ಒಬ್ಬರ ಕಥೆಗೆ ಇನ್ನೊಬ್ಬರ ಫೋಟೋ ಹಾಕಿದ್ದನ್ನು ನಾನು ಮೂರು ಸಲ ನೋಡಿದ್ದೇನೆ. ಈ ಇಬ್ಬರನ್ನು ಎ ಮತ್ತು ಬಿ ಅಂತ ಇಟ್ಟು ಕೇಳಲಿ, ಐವತ್ತು ಲಕ್ಷದ ಮೆಟ್ಟಿಲಿನಲ್ಲಿ ಎಷ್ಟು ಜನ ನಿಲ್ಲುತ್ತಾರೆ ನೋಡೋಣ.

ನಮ್ಮಲ್ಲಿ ಬ್ರಹ್ಮಗಿರಿಯೂ ಎರಡು. ತಲಕಾವೇರಿಯದು ಒಂದು, ಕೇರಳದ ಗಡಿಯಲ್ಲಿ ಇರ್ಪು ಮೇಲಿನದು ಇನ್ನೊಂದು. ಮಳೆ ನೀರಿಗೂ ಎರಡು ದಾರಿ. ಕಾವೇರಿಗೆ ಸೇರಿದ್ದು ಬಂಗಾಳ ಕೊಲ್ಲಿಗೆ, ಬಾರಪೊಳೆಗೂ ಪಯಸ್ವಿನಿಗೂ ಸೇರಿದ್ದು ಪಶ್ಚಿಮಕ್ಕೆ ಇಳಿದು ಅರಬ್ಬೀ ಸಮುದ್ರಕ್ಕೆ. ರೈಲು ಮಾತ್ರ ಒಂದೂ ಇಲ್ಲ. ಇಡೀ ಜಿಲ್ಲೆಯಲ್ಲಿ ಒಂದು ಸ್ಟೇಷನ್ ಇಲ್ಲ.

ಬೈಲುಕುಪ್ಪೆ ವಿಷಯ ಎತ್ತಿದರೆ ನನಗೆ ತಡೆಯೋಕಾಗಲ್ಲ. ಬೆಂಗಳೂರಿನ ಗೆಳತಿಯರು "ಕೂರ್ಗ್‌ಗೆ ಹೋಗಿದ್ವಿ ಕಣೇ, ಗೋಲ್ಡನ್ ಟೆಂಪಲ್ ಸೂಪರ್" ಅಂತ ಫೋಟೋ ಕಳಿಸುತ್ತಾರೆ. ಅದು ಕೊಡಗಲ್ಲ ಕಣ್ರೋ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಟಿಬೆಟಿನವರಿಗೆ ಅಲ್ಲಿ ಜಾಗ ಕೊಟ್ಟಿದ್ದು 1960ರ ದಶಕದ ಶುರುವಿನಲ್ಲಿ. ಚಂದ ಇದೆ, ಹೋಗಿ ಬನ್ನಿ, ಮೊಮೊ ತಿನ್ನಿ. ಲೆಕ್ಕ ಮಾತ್ರ ಮೈಸೂರಿಗೆ ಬರೆಯಿರಿ.

1837ರ ಅಮರ ಸುಳ್ಯದ ದಂಗೆಯನ್ನೂ ಕೇಳಲಿ. 1857ಕ್ಕೆ ಸರಿಯಾಗಿ ಇಪ್ಪತ್ತು ವರ್ಷ ಮೊದಲು, ಸುಳ್ಯದಿಂದ ರೈತರು ದಂಡು ಕಟ್ಟಿಕೊಂಡು ಮಂಗಳೂರಿಗೆ ನಡೆದು ಬ್ರಿಟಿಷರ ಬಾವುಟ ಇಳಿಸಿದರು. ಬಾವುಟಗುಡ್ಡೆ ಅಂತ ಆ ಜಾಗಕ್ಕೆ ಈಗಲೂ ಹೆಸರಿದೆ. ದಂಗೆ ಮುರಿದ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಕೋಟೆಗೆ ಬಂದ ಮಕ್ಕಳು ಅಲ್ಲಿರುವ ಎರಡು ಗಾರೆ ಆನೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ತಪ್ಪಲ್ಲ, ನಾನೂ ಹಾಗೇ ಮಾಡಿದ್ದೆ.

ದುಡ್ಡಿನ ಆಟದಲ್ಲೇ ಈ ತೊಂದರೆ ಇದೆಯಾ ಅಂತ ಒಮ್ಮೊಮ್ಮೆ ಅನಿಸುತ್ತದೆ. ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ಅವರು 'ಥಟ್ ಅಂತ ಹೇಳಿ' ನಡೆಸಿಕೊಂಡು ಬಂದಿದ್ದಾರೆ. ಓದಿದ್ದು ಡಾಕ್ಟರಿಕೆ, ಕೊಡೋದು ಪುಸ್ತಕ. ಅಲ್ಲಿ ಢಂ ಢಂ ಸಂಗೀತ ಇಲ್ಲ, ಲಾಕ್ ಮಾಡೋದಾ ಅಂತ ಐದು ನಿಮಿಷ ಕಾಯಿಸೋದಿಲ್ಲ. ಉತ್ತರ ಹೇಳಿ, ಅದರ ಹಿಂದಿನ ಎರಡು ಮಾತು ಕೇಳಿ, ಪುಸ್ತಕ ತಗೊಳ್ಳಿ. ಅಪ್ಪು ಕಾರ್ಯಕ್ರಮ ನಾನು ಅಪ್ಪುಗೋಸ್ಕರ ನೋಡುತ್ತಿದ್ದೆ. ಅದು ಬೇರೆ ಮಾತು.

ಅಜ್ಜಿಯ ಪ್ರಶ್ನೆ ಒಂದು ಬಾಕಿ ಇದೆ. ಕಾಫಿ ಅಂದರೆ ಕ್ವಿಜ್‌ನವರು ಬಾಬಾಬುಡನ್, ಏಳು ಬೀಜ, ಚಿಕ್ಕಮಗಳೂರು ಅಂತ ಶುರು ಮಾಡುತ್ತಾರೆ. ಸರಿ, ಬಿಡಿ, ಅದು ಅವರದ್ದು. ಅಜ್ಜಿ ಕೇಳೋದು: "ಹೂಮಳೆ ಬಂದ್ಮೇಲೆ ಇನ್ನೊಂದು ಮಳೆ ಬರ್ಬೇಕಲ್ಲ, ಅದರ ಹೆಸರೇನು ಕೇಳು ಅವರನ್ನ." ಬ್ಯಾಕಿಂಗ್ ಮಳೆ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ವಾರದೊಳಗೆ ರೋಬಸ್ಟಾ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯ ಹಾಗೆ ವಾಸನೆ, ಜೇನಿನ ಗುಂಯ್ ಸದ್ದು. ನೋಡುವವರಿಗೆ ಅಷ್ಟೇ ಸಾಕು. ಬೆಳೆಯುವವರಿಗೆ ಅಲ್ಲಿಂದ ನಿದ್ದೆ ಇಲ್ಲ. ಎರಡು ಮೂರು ವಾರದಲ್ಲಿ ಎರಡನೇ ಮಳೆ ಬರದಿದ್ದರೆ ಕಾಯಿ ನಿಲ್ಲಲ್ಲ. ಪಂಪು, ಡೀಸೆಲ್, ಸ್ಪ್ರಿಂಕ್ಲರ್ ಅಂತ ಕೆರೆ ದಂಡೆಯಲ್ಲೇ ರಾತ್ರಿ ಕಳೆಯಬೇಕು. ಈ ಪ್ರಶ್ನೆ ಟಿವಿಯಲ್ಲಿ ಬಂದರೆ ಬೆಂಗಳೂರಿನ ಯಾವ ಜಾಣನೂ ಫೋನ್ ಮಾಡದೆ ಉತ್ತರ ಹೇಳಲ್ಲ. ನಮಗೆ ಫೋನ್ ಮಾಡಿದರೆ ನಾವು ಎತ್ತೋದು ಕಷ್ಟ. ನೆಟ್‌ವರ್ಕ್ ಸಿಗೋದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ.

ಹೋದ ವಾರ ರಾತ್ರಿ ಒಂದು ಕ್ವಿಜ್ ನೋಡುತ್ತಿದ್ದೆವು. ದೊಡ್ಡ ಮೊತ್ತದ ಪ್ರಶ್ನೆ. ಸಂಗೀತ ಜೋರಾಯ್ತು. "ಕರ್ನಾಟಕದ ಈ ಕೆಳಗಿನ ಯಾವ ಜಿಲ್ಲೆ..." ಅಂತ ಶುರು ಮಾಡಿದರು ನೋಡಿ, ಗುಡುಗು ಹೊಡೆದು ಡಿಶ್ ಸಿಗ್ನಲ್ ಹೋಯ್ತು. ಪರದೆ ನೀಲಿ. ಸುಬೇದಾರ್ ಮಾವ ಎದ್ದು ನಿಂತೇಬಿಟ್ಟರು. ಅಮ್ಮ "ನಂಗೊತ್ತಿತ್ತು" ಅಂದರು, ಏನು ಗೊತ್ತಿತ್ತೋ. ಒಲೆ ಹತ್ತಿರದಿಂದ ಅಜ್ಜಿ ಕೂಗಿದರು.

"ಕೊಡಗು ಅಂತ ಹೇಳಿ. ಲಾಕ್ ಮಾಡಿ!"