ಹಸುಗೂಸಿನ ಮೈಯಿಂದ ತೊಳೆಯುವುದೇನನ್ನು?

ಪ್ರಶ್ನೆ: ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರವಾದ ದೀಕ್ಷಾಸ್ನಾನವನ್ನು (ಬ್ಯಾಪ್ಟಿಸಂ) ಶಿಶುಗಳಿಗೆ ಕೊಡುವುದು ಸರಿಯೇ?

ಪರ

ಬಾಣಂತಿ ಮನೆಯಲ್ಲಿ ಅಜ್ಜಿ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುತ್ತಾಳೆ. ಕೂಸು ಕಿರುಚುತ್ತದೆ. ಅದರ ಮೈಯಲ್ಲಿ ಎಷ್ಟು ಕೊಳೆಯಿತ್ತೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಎರೆಯಲೇ ಎಂದು ಕೂಸನ್ನು ಕೇಳುವುದೂ ಇಲ್ಲ. ಅದು ಆ ಮನೆಯ ಕೂಸು, ಆದ್ದರಿಂದ ಎರೆಯುತ್ತಾರೆ. ದೀಕ್ಷಾಸ್ನಾನವನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆಯೇ.

ಈ ಸ್ನಾನವನ್ನು ತಾನೇ ಮಾಡಿಕೊಳ್ಳುವಂತಿಲ್ಲ, ಇನ್ನೊಬ್ಬರು ಮಾಡಿಸಬೇಕು. ಅರವತ್ತರ ಪಂಡಿತನೂ ಇಲ್ಲಿ ತಲೆ ಬಗ್ಗಿಸಿ ನಿಲ್ಲಲೇಬೇಕು. ಆಮ್‌ಸ್ಟರ್‌ಡ್ಯಾಮಿಗೆ ವಲಸೆ ಹೋಗಿದ್ದ ಇಂಗ್ಲಿಷ್ ಬೋಧಕ ಜಾನ್ ಸ್ಮಿತ್, ಶೈಶವದಲ್ಲಿ ಆದದ್ದು ಸ್ನಾನವೇ ಅಲ್ಲವೆಂದು ತೀರ್ಮಾನಿಸಿದ. ಮಾಡಿಸಲು ಯೋಗ್ಯರು ಯಾರೂ ಕಾಣದೆ 1609ರಲ್ಲಿ ತನಗೆ ತಾನೇ ದೀಕ್ಷಾಸ್ನಾನ ಮಾಡಿಕೊಂಡ. ಬಳಿಕ ಅದಕ್ಕಾಗಿ ಪಶ್ಚಾತ್ತಾಪಪಟ್ಟವನೂ ಅವನೇ. ದೇವರ ಕೃಪೆಯನ್ನು ಪಡೆಯಬಹುದೇ ಹೊರತು ಗಳಿಸಲಾಗುವುದಿಲ್ಲ ಎಂಬುದನ್ನು ಏನೂ ಮಾಡಲಾರದ ಕೂಸಿಗಿಂತ ಚೆನ್ನಾಗಿ ಯಾರು ತೋರಿಸಬಲ್ಲರು?

ಮೂರನೆಯ ಶತಮಾನದ ನಡುವೆ ಉತ್ತರ ಆಫ್ರಿಕದ ಕಾರ್ತೇಜಿನಲ್ಲಿ ಅಲ್ಲಿನ ಬಿಷಪ್ ಸಿಪ್ರಿಯನ್‌ನ ಮುಂದಾಳುತನದಲ್ಲಿ 66 ಬಿಷಪ್ಪರು ಸೇರಿದಾಗ ಎದ್ದ ಪ್ರಶ್ನೆ, ಶಿಶುವಿಗೆ ಕೊಡಬಹುದೇ ಎಂಬುದಲ್ಲ. ಹುಟ್ಟಿದ ಎಂಟನೆಯ ದಿನದವರೆಗೆ ಕಾಯಬೇಕೇ ಎಂಬುದು. ಕಾಯಬೇಕಿಲ್ಲ ಎಂದರು. ಕೂಸು ಸ್ವತಃ ಪಾಪ ಮಾಡಿಲ್ಲ, ಆದರೆ ಮೊದಲು ಪಾಪ ಮಾಡಿದ ಆದಿಮಾನವ ಆದಾಮನ ಕುಲದಲ್ಲಿ ಹುಟ್ಟಿದೆ ಎಂಬುದು ಅವರ ವಾದ. ಸ್ನಾನವಿಲ್ಲದೆ ಸತ್ತ ಕೂಸಿಗೆ ಸ್ವರ್ಗವಿಲ್ಲವೆಂದು ತಾಯಂದಿರನ್ನು ಹೆದರಿಸಿದ್ದು ಮಾತ್ರ ತಪ್ಪೇ. ಅಂಥ ಶಿಶುಗಳ ರಕ್ಷಣೆಗೂ ಭರವಸೆಯಿದೆ ಎಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ ಹೇಳಲು 2007 ಬರಬೇಕಾಯಿತು.

ವಿರೋಧ

ಅಜ್ಜಿಯ ಹೋಲಿಕೆ ಮುದ್ದಾಗಿದೆ. ಆದರೆ ದೀಕ್ಷಾಸ್ನಾನವೆಂದರೆ ಮೈಕೊಳೆ ಕಳೆಯುವುದಲ್ಲ ಎಂದು ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರವೇ (3:21) ಹೇಳುತ್ತದೆ. ಒಳ್ಳೆಯ ಮನಸ್ಸಾಕ್ಷಿಗಾಗಿ ದೇವರಲ್ಲಿ ಮಾಡಿಕೊಳ್ಳುವ ಬಿನ್ನಹ ಅದು. ಬಿನ್ನಹಕ್ಕೆ ಬಾಯಿ ಬೇಕು. ಕನ್ನಡದ ಕ್ಯಾಥೋಲಿಕರು ಇದನ್ನು ಜ್ಞಾನಸ್ನಾನ ಎನ್ನುತ್ತಾರೆ. ತೊಟ್ಟಿಲ ಕೂಸಿಗೆ ಯಾವ ಜ್ಞಾನ ಎಂದು ಆ ಪದವೇ ಕೇಳುವಂತಿದೆ.

ಆದಿಸಭೆಯ ಕೈಪಿಡಿಯಾದ ದಿದಾಖೆ, ಹರಿಯುವ ನೀರಾಗಲಿ ಬೇರೆ ನೀರಾಗಲಿ ಸಾಕಷ್ಟು ಸಿಗದಿದ್ದರೆ ತಲೆಯ ಮೇಲೆ ಮೂರು ಬಾರಿ ಸುರಿದರೂ ಆದೀತು ಎನ್ನುವಷ್ಟು ಉದಾರಿ. ಆದರೆ ಸ್ನಾನ ಪಡೆಯುವವನು ಒಂದೆರಡು ದಿನ ಮುಂಚೆ ಉಪವಾಸವಿರಬೇಕು ಎನ್ನುತ್ತದೆ. ಮೊಲೆಯುಣ್ಣುವ ಕೂಸನ್ನು ಉಪವಾಸ ಕೆಡವುವುದುಂಟೇ? ಸಿಪ್ರಿಯನ್‌ಗಿಂತ ಅರ್ಧ ಶತಮಾನ ಮೊದಲು, ಅದೇ ಕಾರ್ತೇಜಿನಲ್ಲಿ, ಮುಗ್ಧ ವಯಸ್ಸಿಗೆ ಪಾಪಕ್ಷಮೆಯ ಅವಸರವೇಕೆ ಎಂದು ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಕೇಳಿದ್ದ. ರೂಢಿ ಆಗಲೇ ಇತ್ತೆಂಬುದಕ್ಕೂ ಅದು ಸಾಕ್ಷಿ, ಒಪ್ಪುತ್ತೇನೆ. ಅದು ಎಲ್ಲರ ರೂಢಿಯಾಗಿರಲಿಲ್ಲ ಎಂಬುದಕ್ಕೂ.

ಬೈಬಲಿನ ಪತ್ರಗಳನ್ನು ಬರೆದ ಅಪೊಸ್ತಲ ಪೌಲನಿಗೆ ಈ ನೀರು ಬರಿಯ ತೊಳೆಯುವ ನೀರಲ್ಲ, ಸಮಾಧಿ. ಮುಳುಗುವುದು ಕ್ರಿಸ್ತನೊಂದಿಗೆ ಹೂಳಿಸಿಕೊಳ್ಳುವುದು, ಏಳುವುದು ಹೊಸ ಬದುಕು. ಹಣೆಗೆ ನಾಲ್ಕು ಹನಿ ಚಿಮುಕಿಸುವವರನ್ನಷ್ಟೇ ಆಕ್ಷೇಪಿಸಿ ಫಲವಿಲ್ಲ. ಆರ್ಥಡಾಕ್ಸ್ ಸಭೆಯವರು ಶಿಶುವನ್ನೇ ಮೂರು ಸಲ ಮುಳುಗಿಸುತ್ತಾರೆ. ಆದರೆ ಹೂಳಬೇಕಾದ ಹಳೆಯ ಬದುಕೇ ಕೂಸಿಗಿಲ್ಲ.

ಇನ್ನು ಮನೆಯ ಕೂಸೆಂಬ ಮಾತು. ಸ್ವಿಸ್ ನಗರ ಜ್ಯೂರಿಕ್‌ನ ಆಡಳಿತಕ್ಕೂ ಅದೇ ಬೇಕಿತ್ತು: ಊರಿನಲ್ಲಿ ಹುಟ್ಟಿದವರೆಲ್ಲ ಸಭೆಯವರು. 1525ರ ಜನವರಿಯಲ್ಲಿ ಕೆಲವರು ಬುದ್ಧಿ ಬಂದ ಮೇಲೆ ತಾವೇ ಬೇಡಿ ಮತ್ತೆ ದೀಕ್ಷಾಸ್ನಾನ ಪಡೆದಾಗ ಆ ಲೆಕ್ಕ ತಪ್ಪಿತು. ಮರುವರ್ಷ ನಗರಸಭೆ ಅಂಥವರಿಗೆ ಮುಳುಗಿಸಿ ಕೊಲ್ಲುವ ಶಿಕ್ಷೆ ಗೊತ್ತುಮಾಡಿತು. 1527ರ ಜನವರಿ 5ರಂದು ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನ ಕೈಕಟ್ಟಿ ಆ ಊರಿನ ಲಿಮ್ಮಾಟ್ ನದಿಗೆ ತಳ್ಳಿದರು. ಹಾಗೆ ಸತ್ತವರಿಗಾಗಿ ಆ ನದಿಯ ದಂಡೆಯಲ್ಲಿ ಫಲಕವೊಂದು ಬಂದದ್ದು 2004ರಲ್ಲಿ.

ಮಕ್ಕಳನ್ನು ಸಭೆಯಿಂದ ಆಚೆ ನಿಲ್ಲಿಸಿ ಎನ್ನುತ್ತಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಯೇಸು ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಹರಸುತ್ತಾನೆ. ಅಲ್ಲಿ ನೀರಿನ ಮಾತೇ ಇಲ್ಲ.