ಆಫರ್ ಕೊಟ್ರು, ಕೊಡ್ಲಿಲ್ಲ

ವಿಜಯನಗರ, ರಾಜಾಜಿನಗರ, ಬನಶಂಕರಿ, ಯಾವ ಏರಿಯಾಗೆ ಬೇಕಾದ್ರೂ ಹೋಗಿ, ಕೆಳಗೊಂದು ದರ್ಶಿನಿ, ಅದರ ಮೇಲಿನ ಮಹಡೀಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸು, ಇದು ಬೆಂಗಳೂರಿನ ವಾಸ್ತು. ಮೇಲ್ಗಡೆ ಬೋರ್ಡಲ್ಲಿ ಬರೆದಿರ್ತಾರೆ, ಐ ಆಫರ್ಡ್ ಹಿಮ್ ಮೈ ಸೀಟ್, ಶೀ ಗೇವ್ ಮಿ ಹರ್ ಅಂಬ್ರೆಲಾ, ಹೀ ಲೆಂಟ್ ಅಸ್ ಸಮ್ ಮನಿ. ಎಲ್ಲರೂ ಒಟ್ಟಿಗೆ ಹೇಳ್ಬೇಕು, ಹೇಳ್ತಾರೆ, ಪಾಪ ಚೆನ್ನಾಗೇ ಹೇಳ್ತಾರೆ. ಕ್ಲಾಸ್ ಮುಗಿಸಿ ಕೆಳಗಿಳಿದು ಬಸ್ ಹತ್ತಿದ ತಕ್ಷಣ ಹಿರಿಯ ನಾಗರಿಕರಿಗೆ ಅಂತ ಬರೆದಿರೋ ಸೀಟಲ್ಲಿ ಕೂತು, ಪಕ್ಕದಲ್ಲಿ ಅಜ್ಜ ಕಂಬ ಹಿಡ್ಕೊಂಡು ತೂಗಾಡ್ತಿದ್ರೆ ಕಿಟಕಿ ಕಡೆ ತಿರುಗಿ ಧ್ಯಾನ. ಕಿವೀಲಿ ಇಯರ್‌ಫೋನು, ಅದರಲ್ಲಿ ಬಹುಶಃ ಅದೇ ಲೆಸನ್ನು.

ಈ ಕೊಡೋ ವಾಕ್ಯಗಳ ವಿಷಯದಲ್ಲಿ ಇಂಗ್ಲಿಷು ಸ್ವಲ್ಪ ಜಿಪುಣ ಭಾಷೆ ಕಣ್ರೀ. ಯಾರಿಗೆ, ಏನನ್ನ, ಅಂತ ಎರಡು ಕರ್ಮಪದ ಬೇಕು, ಆದ್ರೆ ಎರಡಕ್ಕೂ ಒಂದು ಪ್ರತ್ಯಯ ಹಾಕಲ್ಲ, ಯಾರು ಮೊದಲು ಕೂತ್ರು ಅನ್ನೋದ್ರ ಮೇಲೇ ಅರ್ಥ. ನಮ್ಮದು ಹಾಗಲ್ಲ, 13ನೇ ಶತಮಾನದಲ್ಲೇ ಕೇಶಿರಾಜ ವಿಭಕ್ತಿಗೆಲ್ಲ ಸೂತ್ರ ಬರೆದಿಟ್ಟು ಹೋಗಿದ್ದಾನೆ, ಚತುರ್ಥಿಯ 'ಗೆ' ಒಂದು ಅಂಟಿಸಿದ್ರೆ ಆಯ್ತು, ಮ್ಯಾನೇಜರ್‌ಗೆ ಕಾಫಿ ಕೊಟ್ಟೆ ಅನ್ನಿ, ಕಾಫಿ ಕೊಟ್ಟೆ ಮ್ಯಾನೇಜರ್‌ಗೆ ಅನ್ನಿ, ಕೊಟ್ಟೆ ಕಣೋ ಮ್ಯಾನೇಜರ್‌ಗೆ ಕಾಫಿ ಅಂತ ತಲೆಕೆಳಗೆ ಅನ್ನಿ, ಕಾಫಿ ಮಾತ್ರ ಸರಿಯಾದ ಕೈಗೇ ಹೋಗತ್ತೆ. ಇಂಗ್ಲಿಷಲ್ಲಿ ಐ ಆಫರ್ಡ್ ದ ಕಾಫಿ ದ ಮ್ಯಾನೇಜರ್ ಅಂದುಬಿಟ್ರೆ ಮ್ಯಾನೇಜರನ್ನೇ ಕಾಫಿಗೆ ನೈವೇದ್ಯ ಮಾಡಿದ ಹಾಗಾಗತ್ತೆ. ಅಪ್ರೈಸಲ್ ತಿಂಗಳಲ್ಲಿ ಇದನ್ನ ತಪ್ಪು ಅನ್ನಕ್ಕೂ ಮನಸ್ಸು ಬರಲ್ಲ ಬಿಡಿ.

ಆದ್ರೆ ಒಂದು ಗಮನಿಸಿ, ಇಸ್ಕೊಳ್ಳೋ ವಾಕ್ಯದಲ್ಲಿ ನಮ್ಮವರು ಒಬ್ಬರೂ ತಪ್ಪು ಮಾಡಲ್ಲ. ಐದನೇ ಕ್ಲಾಸಿನ ಹುಡುಗ ಕೂಡ ರಜಾ ಚೀಟೀಲಿ 'ಕೈಂಡ್ಲಿ ಗ್ರಾಂಟ್ ಮಿ ಟೂ ಡೇಸ್ ಲೀವ್' ಅಂತ ಮುತ್ತಿನಂಥ ಅಕ್ಷರದಲ್ಲಿ ಬರೀತಾನೆ, ಮಿ ಎಲ್ಲಿರ್ಬೇಕೋ ಅಲ್ಲೇ, ಲೀವ್ ಎಲ್ಲಿರ್ಬೇಕೋ ಅಲ್ಲೇ. ಗಿವ್ ಮಿ, ಲೆಂಡ್ ಮಿ, ಸೆಂಡ್ ಮಿ, ಎಲ್ಲಾ ಪಟಪಟ. ಗಿವ್ ಹಿಮ್ ಅಂತ ಬಂದಾಗ್ಲೇ ನಾಲಿಗೆ ತೊದಲೋದು, ಅದು ವ್ಯಾಕರಣದ ತೊಂದರೆ ಅಂತ ನಂಗಂತೂ ಅನ್ಸಲ್ಲ.

ಅಸಲು ವಿಷಯ ಬೇರೇನೇ ಇದೆ, ಕ್ಲಾಸಲ್ಲಿ ಅದನ್ನ ಹೇಳ್ಕೊಡಲ್ಲ. ಈ ಎರಡು ಕರ್ಮದ ಕ್ರಿಯಾಪದಗಳಲ್ಲಿ ಎರಡು ಕುಟುಂಬ ಇವೆ. ಗಿವ್, ಹ್ಯಾಂಡ್, ಪಾಸ್ ಇವೆಲ್ಲ ಒಂದು ಮನೆ, ಗೇವ್ ಹಿಮ್ ಅಂದ್ರೆ ವಸ್ತು ಅವನ ಕೈ ಸೇರಿದೆ ಅಂತ ಲೆಕ್ಕ. ಆಫರ್, ಪ್ರಾಮಿಸ್, ಗ್ಯಾರಂಟಿ ಇವು ಇನ್ನೊಂದು ಮನೆ, ಇಲ್ಲಿ ವಾಕ್ಯ ಪೂರ್ತಿಯಾಗತ್ತೆ, ವ್ಯಾಕರಣ ಪಾಸಾಗತ್ತೆ, ವಸ್ತು ಮಾತ್ರ ಅಲ್ಲಾಡದೆ ಇದ್ದಲ್ಲೇ ಇರತ್ತೆ. ಬೆಂಗಳೂರು ನಡೀತಿರೋದೇ ಈ ಎರಡನೇ ಮನೆಯವರ ಮೇಲೆ.

ಸಬರ್ಬನ್ ರೈಲು ತಗೊಳಿ. 1980ರ ದಶಕದಿಂದ ಕೇಳ್ಕೊಂಡು ಬಂದಿರೋ ಮಾತು. 2022ರ ಜೂನ್ 20ಕ್ಕೆ ಪ್ರಧಾನಿ ಬಂದು ಶಂಕುಸ್ಥಾಪನೆ ಮಾಡಿದ್ರು, 4 ಕಾರಿಡಾರು, ಹತ್ರಹತ್ರ 148 ಕಿಲೋಮೀಟರು, 40 ತಿಂಗಳಲ್ಲಿ ಮುಗಿಸ್ತೀವಿ ಅಂತ ಮಾತು. ಬೆರಳು ಮಡಚಿ ಎಣಿಸಿದ್ರೆ 2025ರ ಅಕ್ಟೋಬರ್. ಅಕ್ಟೋಬರ್ ಬಂತು, ಹಬ್ಬ ಬಂತು, ಹೋಯ್ತು, ರೈಲು ಬರ್ಲಿಲ್ಲ. ಹಾಗಂತ ದೇ ಪ್ರಾಮಿಸ್ಡ್ ಬೆಂಗಳೂರು ಎ ಟ್ರೈನ್ ಅನ್ನೋ ವಾಕ್ಯದಲ್ಲಿ ಏನಾದ್ರೂ ತಪ್ಪಿದ್ಯಾ? ಒಂದು ಅಕ್ಷರ ತಪ್ಪಿಲ್ಲ. ಬೆಂಗಳೂರೂ ಟ್ರೈನೂ ಪಕ್ಕಪಕ್ಕದಲ್ಲೇ ಕೂತಿವೆ, ಅಷ್ಟು ಹತ್ರ ಅವು ಸೇರಿರೋದು ಸದ್ಯಕ್ಕೆ ಆ ವಾಕ್ಯದಲ್ಲಿ ಮಾತ್ರ.

ಐಟಿ ಕಂಪನಿಗಳ ಆಫರ್ ಲೆಟರ್ ಅಂತೂ ಈ ಕುಟುಂಬದ ಯಜಮಾನ. ವಿ ಆರ್ ಪ್ಲೀಸ್ಡ್ ಟು ಆಫರ್ ಯೂ ದ ಪೊಸಿಷನ್. 2022-23ರಲ್ಲಿ ಈ ಲೆಟರ್ ಇಟ್ಕೊಂಡು ಎಷ್ಟೋ ಹುಡುಗರು ಹುಡುಗೀರು ಜಾಯಿನಿಂಗ್ ಡೇಟ್‌ಗೆ ತಿಂಗಳುಗಟ್ಟಲೆ ಕಾದ್ರು, ಕೆಲವರಂತೂ ವರ್ಷದ ಮೇಲೆ ಕಾದ್ರು. ಊರಲ್ಲಿ ಅಪ್ಪ ಸ್ವೀಟ್ ಹಂಚಿ ಆಗಿದೆ, ಮಗನಿಗೆ ಕೆಲಸ ಸಿಕ್ತು ಅಂತ ದೇವಸ್ಥಾನದಲ್ಲಿ ಪೂಜೆ ಮಾಡ್ಸಿ ಆಗಿದೆ, ಈ ಕಡೆ ಮಗ ಪಿಜಿ ಬಾಡಿಗೆ ಕಟ್ಕೊಂಡು ದಿನಾ ಮೇಲ್ ರಿಫ್ರೆಶ್ ಮಾಡ್ತಾ ಕೂತಿದಾನೆ. ಏನಪ್ಪಾ ಕೆಲಸ ಕೊಟ್ರಂತೆ ಅಂತ ಯಾರಾದ್ರೂ ಕೇಳಿದ್ರೆ ಪಾಪ ಏನಂತ ಹೇಳ್ಬೇಕು, ಕೊಟ್ಟಿಲ್ಲ ಮಾವ, ಆಫರ್ ಮಾಡಿದಾರೆ.

ಕೊಟ್ಟೇಬಿಟ್ಟಿದ್ದೂ ಇದೆ, ಇಲ್ಲ ಅನ್ನಬಾರ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಫ್ರೀ, ಇದು ಗೇವ್ ಕುಟುಂಬದ್ದೇ, ಟಿಕೆಟ್ ಕೈಗೇ ಬರತ್ತೆ. ಸ್ಟಾಪಲ್ಲಿ ಬಸ್ ನಿಲ್ಲಿಸೋದು ಬೇರೆ ವಾಕ್ಯ, ಅದು ಇನ್ನೂ ಸಿಲಬಸ್ಸಿಗೆ ಬಂದಿಲ್ಲ. ಕಾಸು ಕೊಟ್ಟು ಹೋಗೋರಿಗೆ ಕಂಡಕ್ಟರ್ ಟಿಕೆಟ್ ಹಿಂದೆ ಚಿಲ್ಲರೆ ಬರ್ಕೊಡ್ತಿದ್ರಲ್ಲ, ಅದು ಓವ್ ಅನ್ನೋ ಕ್ರಿಯಾಪದ, ಐ ಓವ್ ಯೂ ತ್ರೀ ರುಪೀಸ್, ಅದಕ್ಕೂ ಎರಡು ಕರ್ಮ. ಮೊದಲನೇ ಕರ್ಮ ಸ್ಟಾಪಲ್ಲಿ ಇಳಿದು ಹೋಗಿರತ್ತೆ, ಎರಡನೇದು ಚೀಲದಲ್ಲಿ ಉಳಿದಿರತ್ತೆ.

ಇಂಗ್ಲಿಷ್ ಬಂದು ನಮ್ಮನ್ನ ಕೆಡಿಸ್ತು ಅಂತ ಮಾತ್ರ ದಯವಿಟ್ಟು ಅನ್ಬೇಡಿ, ಈ ವಿದ್ಯೇಲಿ ನಾವು ಮೊದಲಿಂದ ಡಬಲ್ ಡಿಗ್ರಿ. ಬಸವನಗುಡೀಲೋ ಮಲ್ಲೇಶ್ವರದಲ್ಲೋ ನೆಂಟರ ಮನೆಗೆ ಹೋಗಿ, ಒಂದು ಗಂಟೆ ಮಾತಾಡಿ, ಎದ್ದು, ಚಪ್ಪಲಿ ಹಾಕ್ಕೊಂಡು, ಗೇಟ್ ತೆಗೆದ ಮೇಲೆ ಒಳಗಿಂದ ದನಿ ಬರತ್ತೆ, 'ಅಯ್ಯೋ ಊಟ ಮಾಡ್ಕೊಂಡೇ ಹೋಗ್ಬಹುದಿತ್ತಲ್ರೀ!' ಆ 'ಬಹುದಿತ್ತು' ನೋಡಿ, ಇಂಗ್ಲಿಷಿನ ಆಫರ್‌ನಲ್ಲಿ ವಸ್ತು ಮುಂದೆ ಬಂದ್ರೂ ಬರಬಹುದು ಅನ್ನೋ ಆಸೆ ಇದೆ, ನಮ್ಮ ಅತ್ತೆ ಅದನ್ನ ಹುಟ್ಟೋಕೆ ಮುಂಚೆನೇ ಭೂತಕಾಲಕ್ಕೆ ಕಳಿಸಿ ಆಯ್ತು. ನೀವೂ ಬಿಡಲ್ಲ, 'ಇನ್ನೊಂದ್ಸಲ ಬಂದು ಊಟನೇ ಮಾಡ್ತೀವಿ ಬಿಡಿ ಅತ್ತೆ' ಅಂತ ಅಲ್ಲಿಂದಲೇ ವಾಪಸ್ ಒಂದು ಪ್ರಾಮಿಸ್. ಇಬ್ಬರೂ ಕೊಟ್ರು, ಇಬ್ಬರೂ ಇಸ್ಕೊಂಡ್ರು, ಒಂದು ಅಗುಳು ಅನ್ನ ಖರ್ಚಾಗ್ಲಿಲ್ಲ.

ಎರಡು ಕರ್ಮ ಒಪ್ಪದೆ ಇರೋ ಕ್ರಿಯಾಪದಗಳೂ ಇವೆ, ಎಕ್ಸ್‌ಪ್ಲೇನ್, ಸಜೆಸ್ಟ್, ಡೊನೇಟ್ ಥರದ್ದು. ಎಕ್ಸ್‌ಪ್ಲೇನ್ ಮಿ, ಸಜೆಸ್ಟ್ ಮಿ ಒನ್ ಗುಡ್ ಪಿಜಿ ನಿಯರ್ ಸಿಲ್ಕ್ ಬೋರ್ಡ್ ಅಂತ ನಾವು ದಿನಾ ಅನ್ನೋದು ತಪ್ಪಂತೆ, ಮಧ್ಯೆ ಒಂದು ಟು ಹಾಕ್ಬೇಕಂತೆ, ಹಾಕೋಣ ಬಿಡಿ, ಸಿಲ್ಕ್ ಬೋರ್ಡಲ್ಲಿ ಟೈಮಿಗೇನು ಬರ. ಡೊನೇಟ್ ಮಾತ್ರ ಬುದ್ಧಿವಂತ ಪದ. ಐ ಡೊನೇಟೆಡ್ ದ ಸ್ಕೂಲ್ ಒನ್ ಲ್ಯಾಕ್ ಅನ್ನೋ ಹಾಗಿಲ್ಲ, ಇಸ್ಕೊಳ್ಳೋರನ್ನ ಮುಂದಿನ ಸೀಟಲ್ಲಿ ಕೂರಿಸಲ್ಲ, ದುಡ್ಡು ಮುಂದೆ, ಸ್ಕೂಲ್ ಹಿಂದೆ ಎಲ್ಲೋ ಟು ಮರೇಲಿ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕರ್ನಾಟಕದಲ್ಲಿ 1984ರಲ್ಲೇ ಕಾಯ್ದೆ ಬಂದಿದ್ರೂ ಎಲ್‌ಕೆಜಿ ಅಡ್ಮಿಷನ್ ಸೀಸನ್ನಲ್ಲಿ ಎಷ್ಟೋ ಅಪ್ಪ ಅಮ್ಮ ಬ್ಯಾಗ್ ಹಿಡ್ಕೊಂಡು ಓಡಾಡ್ತಾರಲ್ಲ, ಆ ದುಡ್ಡಿಗೆ ಇಸ್ಕೊಂಡೋರು ಅಂತ ಯಾರೂ ಇರಲ್ಲ, ರಶೀದೀನೂ ಇರಲ್ಲ.

ಎರಡೂ ಕುಟುಂಬ ಒಂದೇ ಅನ್ನೋದು ಕಾನೂನಲ್ಲಿ ಒಂದು ಕಡೆ ಮಾತ್ರ ನಾನು ನೋಡಿದ್ದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ತಂದಾಗ ಲಂಚ ಕೊಟ್ರೂ ಅಪರಾಧ, ಕೊಡ್ತೀನಿ ಅಂದ್ರೂ ಅಪರಾಧ ಅಂತ ಬರೆದ್ರು, ಬಲವಂತಕ್ಕೆ ಕೊಟ್ಟಿದ್ರೆ 7 ದಿನದೊಳಗೆ ಹೋಗಿ ಹೇಳ್ಬೇಕು. ಗಿವ್ ಮತ್ತು ಪ್ರಾಮಿಸ್‌ಗೆ ಒಂದೇ ಶಿಕ್ಷೆ. ಆಫೀಸಿನೋರು ಇದನ್ನ ಓದ್ಕೊಂಡೇ ಕೂತಿದಾರೆ ಅನ್ಸತ್ತೆ, ಯಾಕಂದ್ರೆ ಅಲ್ಲಿ ಗಿವ್ ಇಲ್ಲ, ಪ್ರಾಮಿಸ್ ಇಲ್ಲ, ಯಾರಿಗೆ ಅನ್ನೋದಿಲ್ಲ, ಏನನ್ನ ಅನ್ನೋದಿಲ್ಲ. ಖಾತೆಗೋ ಇನ್ನೊಂದಕ್ಕೋ ಹೋಗಿ ನಿಂತ್ರೆ ಫೈಲಿಂದ ತಲೆ ಎತ್ತದೆ ಅಚ್ಚಗನ್ನಡದಲ್ಲಿ ಒಂದೇ ಮಾತು, 'ಸ್ವಲ್ಪ ನೋಡ್ಕೊಳಿ ಸಾರ್.' ಈ ವಾಕ್ಯದಲ್ಲಿ ಕರ್ಮಪದ ಎಲ್ಲಿದೆ ಅಂತ ಯಾವ ವ್ಯಾಕರಣದ ಮೇಷ್ಟ್ರನ್ನ ಬೇಕಾದ್ರೂ ಕರ್ಕೊಂಡು ಬಂದು ಕೇಳಿ, ಸಿಗಲ್ಲ. ಬಾಗಿಲಲ್ಲಿ ಕೂತಿರೋ ಅಟೆಂಡರ್‌ನ ಕೇಳಿ, ಸೀದಾ ತೋರಿಸ್ತಾನೆ, ಎಡಗಡೆಯಿಂದ ಎರಡನೇ ಡ್ರಾ.